ಬೋಲ್ಟು ಎಷ್ಟು ಬಿಗಿದರೆ ಸರಿ?

ಹೊಸ ಬೈಕ್ ಮನೆಗೆ ಬಂತೆಂದರೆ ಪೂಜೆಯ ಹಿಂದೆಯೇ ಕ್ರ್ಯಾಶ್ ಗಾರ್ಡ್, ಕ್ಯಾರಿಯರ್, ಮೊಬೈಲ್ ಹೋಲ್ಡರ್ ಎಂದು ಪಟ್ಟಿ ಬೆಳೆಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಆನ್‌ಲೈನ್‌ನಲ್ಲೋ ಸಿಗುವ ಇಂಥ ಸಾಮಾನಿಗೆ ವೆಲ್ಡಿಂಗ್ ಬೇಡ, ಚಾಸಿಗೆ ತೂತು ಕೊರೆಯುವುದೂ ಬೇಡ. ಕಂಪನಿಯೇ ಬಿಟ್ಟಿರುವ ತೂತಿಗೆ ಬೋಲ್ಟು ಹಾಕಿ ಬಿಗಿದರಾಯಿತು. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದರೆ, ಧಾರಾಳವಾಗಿ. ಗಿರಾಕಿಗಳು ಸಾಲುಗಟ್ಟಿ ನಿಂತ ಅಂಗಡಿಯಲ್ಲಿ ಆಗುವುದಕ್ಕಿಂತ ಚೆನ್ನಾಗಿಯೇ ಆದೀತು. ಆದರೆ ‘ಬಿಗಿದರಾಯಿತು’ ಎಂದು ಹಗುರವಾಗಿ ಹೇಳುತ್ತೇವಲ್ಲ, ಇಡೀ ಕೆಲಸದ ಕಷ್ಟ ಇರುವುದೇ ಅಲ್ಲಿ.

ಬೋಲ್ಟು ಒಂದು ಗಡುಸಾದ ಸ್ಪ್ರಿಂಗಿನ ಹಾಗೆ. ಬಿಗಿದಾಗ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಎಳೆಯುವ ಆ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿದಿರುತ್ತದೆ. ನಾವು ಸ್ಪ್ಯಾನರ್ ಮೇಲೆ ಹಾಕುವ ಜೋರಿನಲ್ಲಿ ಹಿಗ್ಗಿಸುವುದಕ್ಕೆ ಒದಗುವುದು ಸುಮಾರು ಹತ್ತರಲ್ಲೊಂದು ಪಾಲು. ಉಳಿದದ್ದೆಲ್ಲ ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೇ ಖರ್ಚು. ಹಾಗಾಗಿ ಗ್ರೀಸ್ ಸವರಿದ ಬೋಲ್ಟನ್ನು ಒಣ ಬೋಲ್ಟಿನಷ್ಟೇ ಜೋರಾಗಿ ಬಿಗಿದರೆ ಅದು ಹದ ಮೀರಿ ಹಿಗ್ಗುತ್ತದೆ, ತುಂಡಾಗಲೂಬಹುದು. ಸಡಿಲವಾದರೂ ಅಪಾಯವೇ. ಅದುರಾಟಕ್ಕೆ ಬೋಲ್ಟು ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್‌ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದರು: ಒತ್ತಿ ಹಿಡಿಯುವ ಬಲ ಸಾಲದೆ ಭಾಗಗಳು ಅಡ್ಡಡ್ಡ ಜಾರತೊಡಗಿದರೆ ಬೋಲ್ಟು ತಾನಾಗಿಯೇ ತಿರುಗಿ ಸಡಿಲಗೊಳ್ಳುತ್ತದೆ. ನಾವು ನೆಚ್ಚಿಕೊಂಡಿರುವ ಸ್ಪ್ರಿಂಗ್ ವಾಷರ್ ಇದನ್ನು ತಡೆಯುವುದು ಅಷ್ಟಕ್ಕಷ್ಟೇ.

ಕ್ರ್ಯಾಶ್ ಗಾರ್ಡನ್ನೇ ನೋಡಿ. ಎಷ್ಟೋ ಬೈಕುಗಳಲ್ಲಿ ಅದು ಕೂರುವುದು ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಮುಂಭಾಗದ ಬೋಲ್ಟಿಗೆ. ಗಾರ್ಡಿನ ಪಟ್ಟಿಯ ದಪ್ಪ ಸೇರುವುದರಿಂದ ಹಳೆಯದನ್ನು ತೆಗೆದು ಉದ್ದದ ಬೋಲ್ಟು ಹಾಕಬೇಕು. ಕೆಳಗೆ ಆಸರೆ ಕೊಟ್ಟು, ಒಂದು ಬೋಲ್ಟು ತೆಗೆದು ಅದರ ಜಾಗಕ್ಕೆ ಹೊಸದು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಎಂಜಿನ್ ಜಗ್ಗಿ ತೂತುಗಳ ನೇರವೇ ತಪ್ಪುತ್ತದೆ. ಹೊಸ ಬೋಲ್ಟಿನ ತಲೆಯ ಮೇಲಿನ ಅಂಕಿ ಓದಿ. 8.8 ಎಂದಿದ್ದರೆ ಅದು ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಾಳುತ್ತದೆ, ಸುಮಾರು 640ರವರೆಗೆ ಎಳೆದರೂ ಬಿಟ್ಟಾಗ ಮೊದಲಿನಂತಾಗುತ್ತದೆ. ಚೆಂದಕ್ಕೆಂದು ಹಾಕುವ, ಎ2-70 ಎಂದು ಬರೆದ ಸ್ಟೇನ್‌ಲೆಸ್ ಬೋಲ್ಟು 450ಕ್ಕೇ ಸೋಲುತ್ತದೆ. ಹೊಳಪು ಕಂಡು ಮರುಳಾಗುವವರೇ ಹೆಚ್ಚು! ಗಾರ್ಡಿನ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಬಿಗಿಯುವುದು ಆಮೇಲೆ. ಒಂದು ಬದಿಯನ್ನು ಮೊದಲೇ ಬಿಗಿದುಬಿಟ್ಟರೆ ಇನ್ನೊಂದು ಬದಿಯ ತೂತು ಹೊಂದುವುದಿಲ್ಲ, ಸುತ್ತಿಗೆ ಕೈಗೆ ಬರುತ್ತದೆ.

‘ಪಳಗಿದ ಮೆಕ್ಯಾನಿಕ್‌ಗೆ ಕೈಯೇ ಅಳತೆ’ ಎನ್ನುವವರಿದ್ದಾರೆ. ಪಳಗಿದವರ ಕೈಗೆ ಬೆಲೆ ಇದೆ, ನಿಜ. ಆದರೆ ಸಾಮಾನ್ಯವಾಗಿ 6 ಮಿಲಿಮೀಟರ್ ಬೋಲ್ಟಿಗೆ ಬೇಕಾದದ್ದು ಸುಮಾರು 10 ನ್ಯೂಟನ್ ಮೀಟರ್, 8 ಮಿಲಿಮೀಟರಿನದಕ್ಕೆ ಅದರ ಇಮ್ಮಡಿಗಿಂತ ಹೆಚ್ಚು. ಎಂಜಿನ್ ಕೇಸಿನಂಥ ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ ಈ ವ್ಯತ್ಯಾಸ ತಪ್ಪಿದರೆ ಥ್ರೆಡ್ ಕಿತ್ತು ಬರುತ್ತದೆ, ಬೋಲ್ಟಿನ ದುಡ್ಡು ಉಳಿಸಲು ಹೋಗಿ ಕೇಸಿನ ರಿಪೇರಿ ತಲೆಗೆ ಬೀಳುತ್ತದೆ. ಅಳತೆ ತೋರಿಸುವ ಟಾರ್ಕ್ ರೆಂಚ್ ಇರುವುದು ಇದಕ್ಕೇ. ಅದು ದುಬಾರಿ ಎಂಬ ಮಾತಿನಲ್ಲೂ ಹುರುಳಿದೆ. ನಾಲ್ಕು ಜನ ಗೆಳೆಯರು ಸೇರಿ ಒಂದನ್ನು ಕೊಂಡರೆ ಸಾಕು. ಎಷ್ಟು ಬಿಗಿಯಬೇಕೆಂಬ ಅಂಕಿ ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬ್ರೇಕ್ ಕ್ಯಾಲಿಪರ್, ಆಕ್ಸಲ್‌ಗಳನ್ನು ಮಾತ್ರ ಹೊಸಬರು ಮುಟ್ಟದಿರುವುದೇ ಕ್ಷೇಮ. ಹ್ಯಾಂಡಲ್ ಎತ್ತರಿಸಿದರೆ ಎರಡೂ ಕೊನೆಗೆ ತಿರುಗಿಸಿ ನೋಡಬೇಕು. ಹಾಗೆ ತಿರುಗಿಸುವಾಗ ಎಂಜಿನ್ನಿನ ವೇಗ ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಎಳೆಯುತ್ತಿದೆ ಎಂದರ್ಥ.

ಕಾನೂನಿನ ಪ್ರಶ್ನೆ ಬೇರೆಯೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. 2019ರ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಿವಿ ಕಿತ್ತುಹೋಗುವಂತೆ ಸದ್ದು ಮಾಡುವ ಸೈಲೆನ್ಸರನ್ನು ಎಷ್ಟು ಅಚ್ಚುಕಟ್ಟಾಗಿ ಬಿಗಿದರೂ ಅದು ತಪ್ಪೇ.

ಅಂಗಡಿಯಲ್ಲಾದರೆ ಹೊಣೆ ಅವರದು, ಮನೆಯಲ್ಲಾದರೆ ಯಾರು ದಿಕ್ಕು ಎಂಬ ಇನ್ನೊಂದು ಆಕ್ಷೇಪವಿದೆ. ಆದರೆ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟು ಸಡಿಲವಾಯಿತೇ ಎಂದು ಅಂಗಡಿಯವರು ನಮ್ಮ ಮನೆಗೆ ಬಂದು ನೋಡುವುದಿಲ್ಲ. ಬಿಗಿದ ಕೂಡಲೇ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಲ್ಲಿ ಒಂದೇ ಗೆರೆ ಎಳೆದಿಟ್ಟರೆ, ಅದು ಎರಡಾದ ದಿನ ಬೋಲ್ಟು ತಿರುಗಿದ್ದು ಬೈಕ್ ಒರೆಸುವಾಗಲೇ ಕಣ್ಣಿಗೆ ಬೀಳುತ್ತದೆ.