ಹಿಮದ ನಡುವಣ ಅನ್ನಛತ್ರ

ಹೊತ್ತು ಮುಳುಗುವ ವೇಳೆಗೆ ಬಾಗಿಲಿಗೆ ಬಂದ ಅತಿಥಿಯನ್ನು ಹಸಿದ ಹೊಟ್ಟೆಯಲ್ಲಿ ಹಿಂದಕ್ಕೆ ಕಳುಹಿಸಬಾರದೆಂಬುದು ನಮ್ಮ ಗೃಹಸ್ಥರೆಲ್ಲರೂ ಬಲ್ಲ ಧರ್ಮವು. ಅದಕ್ಕಾಗಿಯೇ ನಮ್ಮ ಹಿರಿಯರು ದಾರಿಗಳ ಬದಿಯಲ್ಲಿ ಛತ್ರಗಳನ್ನೂ ಅರವಟ್ಟಿಗೆಗಳನ್ನೂ ಕಟ್ಟಿಸಿದರು. ಇದೇ ಧರ್ಮವನ್ನು ಯೂರೋಪು ಖಂಡದ ಆಲ್ಪ್ಸ್ ಪರ್ವತಗಳ ನಡುವೆ ೯೦೦ ವರ್ಷಗಳಿಗೂ ಮೀರಿದ ಕಾಲದಿಂದ ನಡೆಸಿಕೊಂಡು ಬಂದಿರುವ ಮಠವೊಂದುಂಟು. ಚಳಿಗಾಲದಲ್ಲಿ ಅಲ್ಲಿ ಒಂದು ರಾತ್ರಿಯ ಊಟವನ್ನು ಮಾಡಬೇಕಾದರೆ, ಹಿಮದ ಮೇಲೆ ನಡೆದೇ ಹೋಗಬೇಕು, ಬೇರೆ ದಾರಿಯಿಲ್ಲ.

ಸ್ವಿಟ್ಜರ್ಲೆಂಡಿನ ಮಾರ್ಟಿನ್ಯಿ ಪಟ್ಟಣಕ್ಕೂ ಇಟಲಿಯ ಆವೋಸ್ತಾ ಪಟ್ಟಣಕ್ಕೂ ನಡುವೆ ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಕಣಿವೆದಾರಿಯಿದೆ. ಅದರ ಎತ್ತರವು ೨,೪೬೯ ಮೀಟರು, ಎಂದರೆ ಸುಮಾರು ೮,೧೦೦ ಅಡಿ. ರೋಮನರ ಕಾಲದಿಂದಲೂ ವರ್ತಕರೂ ಯಾತ್ರಿಕರೂ ಸೈನಿಕರೂ ಇದನ್ನು ದಾಟುತ್ತಿದ್ದರು. ದಾರಿಯಲ್ಲಿ ಮಡಿದವರೂ ಅನೇಕರು. ಇದನ್ನು ಕಂಡು ಮರುಗಿದ ಆವೋಸ್ತಾದ ಧರ್ಮಾಧಿಕಾರಿ ಬರ್ನಾರ್ಡನು ಸುಮಾರು ೧೦೫೦ರಲ್ಲಿ ಕಣಿವೆದಾರಿಯ ನೆತ್ತಿಯಲ್ಲಿ ಒಂದು ಛತ್ರವನ್ನು ಸ್ಥಾಪಿಸಿದನು. ೧೯೨೩ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಈತನನ್ನು ಪರ್ವತಾರೋಹಿಗಳ ರಕ್ಷಕಸಂತನೆಂದು ಸಾರಿದರು.

ಶರತ್ಕಾಲದಲ್ಲಿ ಹಿಮ ಬೀಳತೊಡಗಿದೊಡನೆ ಮೋಟಾರು ರಸ್ತೆಯು ಮುಚ್ಚಿಹೋಗುತ್ತದೆ; ಅದು ಮತ್ತೆ ತೆರೆಯುವುದು ಬೇಸಗೆಯ ಮೊದಲಲ್ಲಿ. ಅಷ್ಟು ಕಾಲವೂ ಬೇಕಾಗುವ ಸಾಮಗ್ರಿಯನ್ನು ಮಠದವರು ಮುಂಚಿತವಾಗಿಯೇ ಕೂಡಿಟ್ಟುಕೊಳ್ಳುವರು. ಅತಿಥಿಗಳು ಸುರಂಗದ ಬಾಯಿಯ ಬಳಿ ವಾಹನವನ್ನು ಬಿಟ್ಟು ಸುಮಾರು ೬ ಕಿಲೋಮೀಟರು ಹತ್ತಬೇಕು. ಅಭ್ಯಾಸವಿದ್ದವರಿಗೆ ಎರಡೂವರೆ ಮೂರು ಗಂಟೆಗಳ ದಾರಿ. ಬರಿಗಾಲಿನ ಬೂಟಿನಲ್ಲಿ ಹೊರಟರೆ ಹೆಜ್ಜೆಹೆಜ್ಜೆಗೂ ತೊಡೆಯವರೆಗೆ ಹೂತುಹೋಗುವುದು. ಆದುದರಿಂದ ದೇಹದ ಭಾರವನ್ನು ಅಗಲವಾಗಿ ಹರಡುವ ಹಿಮಪಾದುಕೆಗಳನ್ನಾದರೂ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನಾದರೂ ಕಾಲಿಗೆ ಕಟ್ಟಿಕೊಳ್ಳುವರು. ಸ್ಕೀಗಳ ಅಡಿಗೆ ರೋಮವುಳ್ಳ ಪಟ್ಟಿಯೊಂದನ್ನು ಅಂಟಿಸುವುದುಂಟು. ರೋಮವೆಲ್ಲ ಒಂದೇ ಕಡೆಗೆ ಬಾಗಿರುವುದರಿಂದ ಹಲಗೆಯು ಮುಂದಕ್ಕೆ ಜಾರುವುದೇ ಹೊರತು ಹಿಂದಕ್ಕೆ ಜಾರದು. ಹಿಂದೆ ಇದಕ್ಕೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಬಳಸುತ್ತಿದ್ದರು. ಈಗ ಆಡಿನ ರೋಮ ಇಲ್ಲವೆ ನೈಲಾನು.

ದಾರಿಯ ಕೊನೆಯ ಭಾಗಕ್ಕೆ 'ಸತ್ತವರ ತಗ್ಗು' ಎಂದು ಹೆಸರು. ಇಬ್ಬದಿಯ ಇಳಿಜಾರಿನಿಂದ ಹಿಮರಾಶಿಯು ಹಠಾತ್ತಾಗಿ ಕುಸಿದು ಬೀಳುವುದೇ ಇದಕ್ಕೆ ಕಾರಣ. ಹಿಮದಡಿ ಹೂತವನನ್ನು ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆ ಕಳೆದರೆ ಬಹಳ ಕಡಮೆ. ಆದುದರಿಂದ ಪ್ರತಿಯೊಬ್ಬನೂ ತಾನಿರುವೆಡೆಯನ್ನು ತಿಳಿಸುವ ರೇಡಿಯೋ ಯಂತ್ರವನ್ನೂ ಸಲಿಕೆಯನ್ನೂ ಹಿಮದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಕೋಲನ್ನೂ ಒಯ್ಯತಕ್ಕದ್ದು. ದಾವೋಸಿನ ಹಿಮಸಂಶೋಧನಾಲಯವು ಚಳಿಗಾಲದಲ್ಲಿ ದಿನವೂ ಅಪಾಯದ ಮಟ್ಟವನ್ನು ಐದು ಅಂಕಗಳಲ್ಲಿ ಪ್ರಕಟಿಸುತ್ತದೆ. ಅಂಕವು ಹೆಚ್ಚಾಗಿದ್ದ ದಿನ ಊಟದ ಆಸೆಯನ್ನು ಬಿಡುವುದೇ ವಿವೇಕ. ಬೆಳಕಿರುವಾಗಲೇ ಮಠವನ್ನು ಸೇರುವಂತೆ ಹೊರಡುವುದು ಎರಡನೆಯ ವಿವೇಕ.

ಹಿಂದೆ ಇಂಥ ಯಂತ್ರಗಳಿರಲಿಲ್ಲ. ಮಠದವರೂ ಅವರ ಆಳುಗಳೂ ನಾಯಿಗಳನ್ನು ಕರೆದುಕೊಂಡು ಮಂಜಿನಲ್ಲಿ ದಾರಿಹೋಕರನ್ನು ಹುಡುಕುತ್ತಿದ್ದರು. ಅವುಗಳಲ್ಲಿ ಬ್ಯಾರಿ ಎಂಬುದು ಜಗತ್ಪ್ರಸಿದ್ಧ. ೧೮೦೦ರಲ್ಲಿ ಹುಟ್ಟಿ ೧೮೧೪ರಲ್ಲಿ ಸತ್ತ ಈ ನಾಯಿಯು ನಲವತ್ತಕ್ಕಿಂತ ಹೆಚ್ಚು ಜನರ ಪ್ರಾಣವನ್ನು ಉಳಿಸಿತೆಂದು ಪ್ರತೀತಿ. ಅದರ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಚಿತ್ರಗಳಲ್ಲಿ ಕಾಣುವ ಕೊರಳಿನ ಮದ್ಯದ ಪೀಪಾಯಿಯು ಮಾತ್ರ ಚಿತ್ರಕಾರರ ಕಲ್ಪನೆ. ಹುಡುಕಿದರೂ ಬದುಕದವರ ಶವಗಳನ್ನು, ನೆಲವು ಹೆಪ್ಪುಗಟ್ಟಿ ಹೂಳಲಾಗದ್ದರಿಂದ, ಮಠದ ಬಳಿಯ ಒಂದು ಕಲ್ಲುಮನೆಯಲ್ಲಿ ಇರಿಸುತ್ತಿದ್ದರು.

ಇಷ್ಟನ್ನು ದಾಟಿ ಬಂದವರಿಗೆ ಮೊದಲು ದೊರೆಯುವುದು ಬಿಸಿ ಚಹಾ. ಒದ್ದೆಯಾದ ಬೂಟುಗಳನ್ನು ಕಳಚಿ ಕೈಕಾಲು ಬೆಚ್ಚಗೆ ಮಾಡಿಕೊಂಡ ಮೇಲೆ ಎಲ್ಲರೂ ಉದ್ದನೆಯ ಮೇಜುಗಳಿಗೆ ಸಾಲಾಗಿ ಕುಳಿತುಕೊಳ್ಳುವರು. ಊಟ ಸರಳವಾದುದು, ಮೊದಲು ಬಿಸಿಬಿಸಿ ಸೂಪು, ಜತೆಗೆ ರೊಟ್ಟಿ. ದೊಡ್ಡ ವೈದ್ಯನೂ ಬಡ ವಿದ್ಯಾರ್ಥಿಯೂ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುವರು. ೧೮೦೦ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸುಮಾರು ನಲವತ್ತು ಸಾವಿರ ಸೈನಿಕರು ಈ ದಾರಿಯಲ್ಲಿ ನಡೆದಾಗ, ಅವರಿಗೂ ಇದೇ ಮಠವು ಉಣಬಡಿಸಿತು. ಈಗ ತಂಗುವವರು ಖರ್ಚಿಗೆ ಹಣ ಕೊಡುವರು. ಆದರೆ ಬಾಗಿಲು ತೆರೆಯುವ ಮುನ್ನ ಜಾತಿಮತಗಳನ್ನು ವಿಚಾರಿಸುವವರಿಲ್ಲ.

೧೯೬೪ರಲ್ಲಿ ಬೆಟ್ಟದ ಒಡಲನ್ನು ಕೊರೆದು ಸುಮಾರು ೬ ಕಿಲೋಮೀಟರಿನ ಸುರಂಗವನ್ನು ತೆರೆದರು. ಅಂದಿನಿಂದ ಇಟಲಿಗೆ ಹೋಗುವವನು ಹಿಮವನ್ನು ಮೆಟ್ಟುವ ಅಗತ್ಯವೇ ಇಲ್ಲ. ಕೆಲವೇ ನಿಮಿಷಗಳಲ್ಲಿ ಆಚೆ ಸೇರಬಹುದು. ದಾರಿಹೋಕರೇ ಇಲ್ಲದ ಮೇಲೆ ಛತ್ರವೇತಕ್ಕೆಂದು ಯಾರಾದರೂ ಕೇಳಬಹುದು. ಆದರೂ ಮಠದವರು ಒಲೆಯನ್ನು ಆರಿಸಲಿಲ್ಲ. ಜನರೂ ಬರುವುದನ್ನು ಬಿಡಲಿಲ್ಲ. ಅಡ್ಡದಾರಿ ಸಿಕ್ಕಿದ ಮೇಲೂ ಕಷ್ಟದ ದಾರಿಯಲ್ಲಿ ನಡೆದು ಬಂದು, ಅಪರಿಚಿತರೊಡನೆ ಕುಳಿತು ಉಣ್ಣುವುದರಲ್ಲಿ ಮನುಷ್ಯನಿಗೆ ಏನೋ ಒಂದು ತೃಪ್ತಿಯಿರಬೇಕು.

ಇದರಿಂದ ನಾವು ಗ್ರಹಿಸಬಹುದಾದುದೂ ಒಂದುಂಟು. ಅತಿಥಿಯು ಎಂದು ಬರುವನೆಂದು ತಿಳಿದು ಅಡಿಗೆ ಮಾಡುವುದು ಉಪಚಾರ. ಯಾರೂ ಬಾರದ ಬಿರುಗಾಳಿಯ ರಾತ್ರಿಯಲ್ಲಿಯೂ ಒಂದು ದೀಪವನ್ನೂ ಒಂದು ತಟ್ಟೆಯನ್ನೂ ಅಣಿಯಾಗಿಡುವುದು ಧರ್ಮ. ಆ ದೀಪವು ಕಾಣದೆ ಹೋದ ದಿನ ದಾರಿಯಲ್ಲಿ ಯಾರಿದ್ದರೆಂಬುದು ಮನೆಯವರಿಗೆ ಹಿಮ ಕರಗುವವರೆಗೂ ತಿಳಿಯುವುದಿಲ್ಲ.