ಅಳಿಸಿಹೋದ ಪಠ್ಯ: 'ಜೆಪರ್ಡಿ' ರಸಪ್ರಶ್ನೆ ಕಾರ್ಯಕ್ರಮದ ಮೊದಲ ಘಟ್ಟ

ಲುಪ್ತ ಕೃತಿಗಳ ಚರ್ಚೆ ಕನ್ನಡ ಸಂಶೋಧನೆಗೆ ಹೊಸದಲ್ಲ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ದೊರೆಯದಿದ್ದರೂ ನಂತರದವರು ಉದ್ಧರಿಸಿದ ಪದ್ಯಗಳ ಮೂಲಕ ಅವುಗಳ ಸ್ವರೂಪವನ್ನು ಊಹಿಸುವ ಪ್ರಯತ್ನಗಳು ನಡೆದಿವೆ. ತಾಳೆಯೋಲೆಗೆ ಹುಳು ಹಿಡಿಯುವುದು, ಕಟ್ಟುಗಳು ನೀರುಪಾಲಾಗುವುದು ನಮಗೆ ಪರಿಚಿತ. ಆದರೆ ದಾಖಲಿಸುವ ಯಂತ್ರ ಕೈಯಲ್ಲಿದ್ದ ಕಾಲದಲ್ಲಿ, ದಾಖಲಿಸಿದವರೇ ಪಠ್ಯವನ್ನು ಅಳಿಸಿದ ಸಂದರ್ಭಗಳೂ ಇವೆ. ಅಮೆರಿಕದ 'ಜೆಪರ್ಡಿ' ರಸಪ್ರಶ್ನೆ ಕಾರ್ಯಕ್ರಮ ಅಂತಹದೊಂದು ನಿದರ್ಶನ.

1950ರ ದಶಕದಲ್ಲಿ ಅಮೆರಿಕದ ಕೆಲವು ರಸಪ್ರಶ್ನೆ ಕಾರ್ಯಕ್ರಮಗಳು ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ತಿಳಿಸುತ್ತಿದ್ದವು. ಈ ಹಗರಣದಿಂದ ಆ ಪ್ರಕಾರವೇ ವಿಶ್ವಾಸ ಕಳೆದುಕೊಂಡಿತು. ಹಾಗಾದರೆ ಉತ್ತರವನ್ನೇ ಬಹಿರಂಗವಾಗಿ ಕೊಟ್ಟು ಪ್ರಶ್ನೆಯನ್ನು ಕೇಳಬಹುದಲ್ಲ ಎಂದು ನಿರ್ಮಾಪಕ ಮರ್ವ್ ಗ್ರಿಫಿನ್ನರ ಪತ್ನಿ ಜೂಲಾನ್ ಸೂಚಿಸಿದರು. '5,280' ಎಂದರೆ 'ಒಂದು ಮೈಲಿಗೆ ಎಷ್ಟು ಅಡಿ?' ಎನ್ನಬೇಕು. ಈ ವಿಲೋಮ ಕ್ರಮದ ಆಟ 1964ರ ಮಾರ್ಚ್ 30ರಂದು ಎನ್‌ಬಿಸಿ ವಾಹಿನಿಯಲ್ಲಿ, ಆರ್ಟ್ ಫ್ಲೆಮಿಂಗ್ ಅವರ ನಿರೂಪಣೆಯಲ್ಲಿ ಆರಂಭವಾಯಿತು. ಮಧ್ಯಾಹ್ನದ ಊಟದ ವೇಳೆಗೆ ಪ್ರಸಾರವಾಗುತ್ತಿದ್ದುದರಿಂದ ವಿದ್ಯಾರ್ಥಿಗಳೂ ಉದ್ಯೋಗಸ್ಥರೂ ಇದರ ಪ್ರೇಕ್ಷಕರಾದರು.

ಕಾರ್ಯಕ್ರಮದ ಅವನತಿಗೆ ಈ ಪ್ರೇಕ್ಷಕವರ್ಗವೇ ಕಾರಣವಾದುದು ಗಮನಾರ್ಹ. ಹಗಲಿನ ಪ್ರಸಾರಕ್ಕೆ ಜಾಹೀರಾತುದಾರರು ಬಯಸುತ್ತಿದ್ದುದು ಯುವತಿಯರನ್ನು. 1974ರಲ್ಲಿ ವಾಹಿನಿಯು ಕಾರ್ಯಕ್ರಮವನ್ನು ಮೊದಲು ಬೆಳಿಗ್ಗೆ 10.30ಕ್ಕೂ ಬಳಿಕ ಮಧ್ಯಾಹ್ನ 1.30ಕ್ಕೂ ಸ್ಥಳಾಂತರಿಸಿತು. ರೂಢಿಯ ಪ್ರೇಕ್ಷಕರು ಕೈತಪ್ಪಿದರು. 2,753 ಸಂಚಿಕೆಗಳ ನಂತರ, 1975ರ ಜನವರಿ 3ರಂದು ಪ್ರಸಾರ ನಿಂತಿತು. ಮೂರೇ ದಿನಗಳಲ್ಲಿ ಗ್ರಿಫಿನ್ನರದೇ 'ವೀಲ್ ಆಫ್ ಫಾರ್ಚೂನ್' ಎನ್‌ಬಿಸಿಯಲ್ಲಿ ಆರಂಭವಾಯಿತು.

ಧ್ವನಿಮುದ್ರಿತ ದೃಶ್ಯಗಳ ನಾಶಕ್ಕೆ ಮಾತ್ರ ಈ ಅವನತಿ ಕಾರಣವಲ್ಲ. ಆ ಕಾಲದ ಎರಡು ಅಂಗುಲ ಅಗಲದ ವಿಡಿಯೊ ಟೇಪು ದುಬಾರಿಯಾಗಿತ್ತು. ಅಳಿಸಿ ಮತ್ತೆ ಬಳಸಬಹುದಾಗಿತ್ತು. ಹಗಲಿನ ರಸಪ್ರಶ್ನೆಗೆ ಮರುಪ್ರಸಾರದ ಬೆಲೆಯಿಲ್ಲವೆಂದು ವಾಹಿನಿಗಳು ಭಾವಿಸಿದ್ದವು. ಆದ್ದರಿಂದ ಕಾರ್ಯಕ್ರಮ ಜನಪ್ರಿಯವಾಗಿದ್ದಾಗಲೂ ಅದರ ಟೇಪುಗಳು ಅಳಿಯುತ್ತಲೇ ಇದ್ದವು. ಜನಪ್ರಿಯತೆ ಪಠ್ಯವನ್ನು ರಕ್ಷಿಸಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪಠ್ಯಕ್ಕಿಂತ ಪಠ್ಯದ ವಾಹಕಕ್ಕೆ ಹೆಚ್ಚು ಬೆಲೆ ಬಂದುದೇ ನಾಶದ ಮೂಲ.

ಉಳಿದಿರುವುದು ಅತ್ಯಲ್ಪ. 1964ರ ಪ್ರಾಯೋಗಿಕ ಸಂಚಿಕೆ ಮತ್ತು 1972ರ ಫೆಬ್ರವರಿ 21ರ 2,000ನೆಯ ಸಂಚಿಕೆ ಪೇಲಿ ಮಾಧ್ಯಮ ಕೇಂದ್ರದಲ್ಲಿವೆ. ಬೇರೆ ಕೆಲವು ಸಂಚಿಕೆಗಳು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಉಳಿದವುಗಳಲ್ಲಿ ಬಹುಪಾಲು, ವರ್ಣದೃಶ್ಯವನ್ನು ಫಿಲ್ಮಿಗೆ ಇಳಿಸಿದ ಕಪ್ಪುಬಿಳುಪು ಪ್ರತಿಗಳು. ಆಟಗಳ ಲಿಖಿತ ದಾಖಲೆಗಳು, ಅಪೂರ್ಣವಾಗಿಯೇ ಆದರೂ, ಲೈಬ್ರರಿ ಆಫ್ ಕಾಂಗ್ರೆಸ್‌ನ ಮೈಕ್ರೊಫಿಲ್ಮ್‌ನಲ್ಲಿವೆ. ಅಂದರೆ ಟೇಪು ಅಳಿದೆಡೆ ಕಾಗದ ಉಳಿದಿದೆ.

ಆದರೆ ಬರಹ ಪ್ರದರ್ಶನಕ್ಕೆ ಪರ್ಯಾಯವಾಗಲಾರದು. 1984ರಲ್ಲಿ ಅಲೆಕ್ಸ್ ಟ್ರೆಬೆಕ್ ನಿರೂಪಣೆಯಲ್ಲಿ ಪುನರಾರಂಭಗೊಂಡ 'ಜೆಪರ್ಡಿ'ಯಲ್ಲಿ ಕೆಲವು ನಿಯಮಗಳು ಬದಲಾದವು. ಫ್ಲೆಮಿಂಗ್ ಕಾಲದಲ್ಲಿ ಮೂವರು ಸ್ಪರ್ಧಿಗಳೂ ತಾವು ಗಳಿಸಿದ ಹಣವನ್ನು ಪಡೆಯುತ್ತಿದ್ದರು. ಸುಳಿವನ್ನು ಓದಿ ಮುಗಿಸುವ ಮೊದಲೇ ಗುಂಡಿ ಒತ್ತಬಹುದಾಗಿತ್ತು. ಈ ನಿಯಮಗಳು ನಮಗೆ ತಿಳಿದಿವೆ. ಅವುಗಳಿಂದ ಹುಟ್ಟುತ್ತಿದ್ದ ಅವಸರ, ತಡವರಿಕೆ, ಮಾತಿನ ಲಯ ಹನ್ನೊಂದು ವರ್ಷಗಳಲ್ಲಿ ಹೇಗೆ ಬದಲಾದವೆಂದು ಗುರುತಿಸಲು ಬೇಕಾದ ಸರಣಿಯೇ ಇಲ್ಲ.

ಗ್ರಂಥಸಂಪಾದನೆಯ ಶಿಸ್ತು ಪಾಠಾಂತರಗಳೊಂದಿಗೆ ಓಲೆಯನ್ನೂ ಲಿಪಿಕಾರನನ್ನೂ ಗಮನಿಸುತ್ತದೆ. ದೃಶ್ಯಮಾಧ್ಯಮದ ಅಧ್ಯಯನಕ್ಕೂ ಇದು ಅನ್ವಯಿಸಬೇಕು. ಒಂದು ಪ್ರಕಾರ 'ಕ್ಷಣಿಕ'ವೆಂಬ ತೀರ್ಮಾನ ಮೌಲ್ಯನಿರ್ಣಯ ಮಾತ್ರವಾಗಿ ಉಳಿಯುವುದಿಲ್ಲ. ಯಾವುದು ಮುಂದಿನವರ ಕೈಗೆ ಸೇರಬೇಕೆಂಬುದನ್ನೂ ಅದೇ ನಿರ್ಧರಿಸಿಬಿಡುತ್ತದೆ.