ಹಿಂದೆ ಸರಿದು ದಾರಿ ಹುಡುಕುವ ಕಂಪ್ಯೂಟರ್: ಒಡೆಯರ ಕುದುರೆ ನಡೆಯ ಪಾಠ

ದಕ್ಷಿಣ ಕೊಡಗಿನ ಹುದಿಕೇರಿ ಸುತ್ತಮುತ್ತಲಿನ ಕಾಫಿ ತೋಟಗಳ ಒಳದಾರಿಗಳು ಹೊಸಬರನ್ನು ದಿಕ್ಕು ತಪ್ಪಿಸುವುದುಂಟು. ಹಿಡಿದ ದಾರಿ ತೋಡಿನ ಅಂಚಿಗೋ ಬೇಲಿಗೋ ಬಂದು ಮುಗಿದರೆ, ಬಲ್ಲವರು ಗೇಟಿನವರೆಗೂ ಮರಳುವುದಿಲ್ಲ. ಕೊನೆಯ ಕವಲಿಗಷ್ಟೇ ಹಿಂದಿರುಗಿ ಇನ್ನೊಂದು ದಾರಿ ಹಿಡಿಯುತ್ತಾರೆ. ಕಂಪ್ಯೂಟರ್ ಪ್ರೋಗ್ರಾಮಿಂಗ್‌ನಲ್ಲಿ ಇದೇ ಕ್ರಮಕ್ಕೆ ‘ಬ್ಯಾಕ್‌ಟ್ರ್ಯಾಕಿಂಗ್’ ಎಂದು ಹೆಸರು. ಅಮೆರಿಕದ ಗಣಿತಜ್ಞ ಡಿ.ಎಚ್. ಲೆಮರ್ 1950ರ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಈ ತಂತ್ರವನ್ನು ಕಲಿಸಲು ಬಳಸುವ ಪ್ರಸಿದ್ಧ ಸಮಸ್ಯೆಯೊಂದಕ್ಕೂ ಮೈಸೂರಿಗೂ ಹಳೆಯ ನಂಟಿದೆ. ಚದುರಂಗದ ಕುದುರೆಯು 64 ಮನೆಗಳಿಗೂ ತಲಾ ಒಂದೇ ಬಾರಿ ಕಾಲಿಡಬೇಕೆಂಬುದೇ ಆ ಸಮಸ್ಯೆ. 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಬಳಿಕ ಸಾಹಿತ್ಯ, ಕಲೆ ಹಾಗೂ ಮಣೆಯಾಟಗಳಲ್ಲಿ ಮಗ್ನರಾದ ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868) ಇಂತಹ ಹಲವು ಕುದುರೆ ನಡೆಗಳನ್ನು ರಚಿಸಿದ್ದರು.

ಕಂಪ್ಯೂಟರ್ ಇದನ್ನು ಬಿಡಿಸುವ ಬಗೆ ಸರಳ. ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಖಾಲಿ ಇರುವ ಮನೆಗೆ ನಡೆಸುತ್ತದೆ. ಪ್ರತಿ ನಡೆಯನ್ನೂ ನೆನಪಿನಲ್ಲಿಡುತ್ತದೆ. ಮುಂದೆ ಹೋಗಲು ಮನೆಯೇ ಇಲ್ಲವಾದರೆ ಕೊನೆಯ ನಡೆಯನ್ನು ಅಳಿಸಿ, ಅಲ್ಲಿಂದ ಬೇರೊಂದನ್ನು ಪರೀಕ್ಷಿಸುತ್ತದೆ. ಅಲ್ಲಿಯೂ ಆಯ್ಕೆಗಳು ಮುಗಿದರೆ ಮತ್ತೊಂದು ಹೆಜ್ಜೆ ಹಿಂದೆ.

ಆದರೆ ಕುರುಡಾಗಿ ಹುಡುಕಿದರೆ ಕಾಲ ಸಾಲದು. ಹೊರಟ ಮನೆಗೇ ಮರಳುವಂತಹ ನಡೆಗಳಷ್ಟೇ, ಸಾಗುವ ದಿಕ್ಕನ್ನೂ ಎಣಿಸಿದರೆ, 26 ಲಕ್ಷ ಕೋಟಿಗೂ ಅಧಿಕ. ವಿಫಲ ಯತ್ನಗಳು ಇನ್ನೂ ಹೆಚ್ಚು. ಆದ್ದರಿಂದ ಮುಂದಿನ ಆಯ್ಕೆಗಳು ಅತಿ ಕಡಿಮೆ ಇರುವ ಮನೆಗೇ ಮೊದಲು ಹೋಗಬೇಕೆಂದು ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲಿಯೇ ಸೂಚಿಸಿದ್ದರು. ಈ ಸೂತ್ರ ಬಳಸಿದರೆ ಹಿಂದೆ ಸರಿಯುವ ಪ್ರಸಂಗವೇ ವಿರಳ.

ಬ್ಯಾಕ್‌ಟ್ರ್ಯಾಕಿಂಗ್‌ನ ನಿಜವಾದ ಬಲ ಗೋಚರಿಸುವುದು ಉತ್ತರವೇ ಇಲ್ಲದಿದ್ದಾಗ. ಕುದುರೆಯ ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲು, ಕಂಬಸಾಲಿನ ಮೊತ್ತ 260 ಆಗುವ ನಡೆಯನ್ನು ಇಂಗ್ಲೆಂಡಿನ ವಿಲಿಯಂ ಬೆವರ್ಲಿ 1848ರಲ್ಲಿ ಪ್ರಕಟಿಸಿದರು. ಎರಡೂ ಕರ್ಣಗಳ ಮೊತ್ತವೂ 260 ಆಗುವ ನಡೆ ಇದೆಯೇ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. 2003ರ ಆಗಸ್ಟ್‌ನಲ್ಲಿ, ಸುಮಾರು 61 ದಿನಗಳಷ್ಟು ಕಂಪ್ಯೂಟರ್ ಸಮಯ ತೆಗೆದುಕೊಂಡ ಹುಡುಕಾಟ ಉತ್ತರ ನೀಡಿತು: ಬೆವರ್ಲಿ ಮಾದರಿಯ 140 ಭಿನ್ನ ನಡೆಗಳಿವೆ, ಕರ್ಣಗಳೂ ಕೂಡಿಬರುವಂಥದ್ದು ಒಂದೂ ಇಲ್ಲ.

ಯಾರಿಗೂ ಸಿಕ್ಕಿಲ್ಲ ಎನ್ನುವುದಕ್ಕೂ ಇಲ್ಲವೇ ಇಲ್ಲ ಎನ್ನುವುದಕ್ಕೂ ಅಜಗಜಾಂತರ. ಒಂದು ಕವಲನ್ನೂ ಬಿಡದೆ ನೋಡಿ ಬಂದವರು ಮಾತ್ರ ಎರಡನೆಯದನ್ನು ಹೇಳಬಲ್ಲರು. ಸುಡೊಕು ಬಿಡಿಸುವ, ಪರೀಕ್ಷಾ ವೇಳಾಪಟ್ಟಿ ಹೊಂದಿಸುವ ಪ್ರೋಗ್ರಾಂಗಳಲ್ಲಿಯೂ ಇದೇ ತಂತ್ರ ಬಳಕೆಯಲ್ಲಿದೆ.